ಕಾಳಿಯ ಇಳಿತದಲ್ಲಿ ಬರೆಹದ ಪಾಠ

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆಯೆಂಬುದು ಈ ಜಿಲ್ಲೆಯಲ್ಲಿ ಎಲ್ಲರೂ ಬಲ್ಲ ಸಂಗತಿ; ಆದರೆ ಆ ಹೆಸರಿಗೆ ಕಾರಣವಾದ ವಾಸ್ತವ್ಯದೊಳಗೆ ಒಂದು ದೋಣಿಯ ಪಯಣವೂ ಅಡಗಿದೆಯೆಂಬುದನ್ನು ನೆನೆಯುವವರು ವಿರಳ. 1883ರಲ್ಲಿ, ಭಾರತೀಯರ ಪೈಕಿ ಮೊಟ್ಟಮೊದಲು ಐ.ಸಿ.ಎಸ್. ಸೇರಿದ ಸತ್ಯೇಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಕಾಲದಲ್ಲಿ, ಅಣ್ಣನ ಮನೆಗೆ ಬಂದಿದ್ದ ಇಪ್ಪತ್ತೆರಡರ ಹರೆಯದ ಕವಿ, ಶುಕ್ಲಪಕ್ಷದ ಒಂದು ಗೋಧೂಳಿಯ ಹೊತ್ತಿನಲ್ಲಿ ಸಣ್ಣ ದೋಣಿಯೊಂದನ್ನೇರಿ, ಕಾಳೀನದಿಯಲ್ಲಿ ಮೇಲ್ಮುಖವಾಗಿ ಸಾಗಿ, ಶಿವಾಜಿಯದೆಂದು ತಾವು ತಿಳಿದಿದ್ದ ಹಳೆಯ ಗಿರಿದುರ್ಗದ ಅಡಿಯಲ್ಲಿ ದಡಕ್ಕಿಳಿದು, ರೈತನೊಬ್ಬನ ಗುಡಿಸಿಟ್ಟ ಅಂಗಳದ ಬೆಳುದಿಂಗಳಿನಲ್ಲಿ ಕುಳಿತು ತಂದ ಬುತ್ತಿಯನ್ನು ಉಂಡು, ಮರಳುವಾಗ ಇಳಿತದ ಸೆಳವಿಗೆ ದೋಣಿಯನ್ನು ಒಪ್ಪಿಸಿ, ಅಳಿವೆಯನ್ನು ಮುಟ್ಟುವಷ್ಟರಲ್ಲಿ ರಾತ್ರಿ ಬಹಳವಾಗಿದ್ದುದರಿಂದ ಅಲ್ಲಿಯೇ ಇಳಿದು ಮರಳಿನ ಮೇಲೆ ನಡೆಯುತ್ತ ಮನೆ ಸೇರಿದರು. ಸೇರಿದೊಡನೆ ಒಂದು ಕವಿತೆಯನ್ನು ಬರೆದರು. ‘ಪ್ರಕೃತಿರ ಪ್ರತಿಶೋಧ’ವೆಂಬ ನಾಟಕವೂ ಇದೇ ಊರಿನಲ್ಲಿ ರಚಿತವಾದುದು. ಆ ರಾತ್ರಿಯ ವೃತ್ತಾಂತವಾದರೋ, ಎಷ್ಟೋ ವರ್ಷಗಳ ತರುವಾಯ, 1912ರಲ್ಲಿ ಗ್ರಂಥರೂಪವಾಗಿ ಹೊರಬಂದ ‘ಜೀವನಸ್ಮೃತಿ’ಯಲ್ಲಿ ಎರಡು ಮೂರು ಪುಟಗಳ ಗದ್ಯವಾಗಿ ಕಾಣಿಸಿಕೊಂಡಿತು.

ಅಂದು ಹುಟ್ಟು ಹಾಕಿದ ಅಂಬಿಗನ ಹೆಸರನ್ನು ಕವಿ ಬರೆದಿಡಲಿಲ್ಲ. ಈ ಲೋಪ ನನ್ನನ್ನು ಬಹುಕಾಲದಿಂದ ನೋಯಿಸುತ್ತಿದೆ. ನಮ್ಮ ನದಿಯ ಮೇಲೆ ನಡೆದ, ನಮಗೆ ದಾಖಲೆಯಿರುವ ಪ್ರಕೃತಿಬರೆಹದ ಮೊದಲ ಪಾಠಗಳಲ್ಲಿ ಅದೊಂದೆಂದು ನಾನು ನಂಬುತ್ತೇನೆ. ಆ ಪಾಠದಲ್ಲಿ ಶಿಷ್ಯನ ಹೆಸರು ಜಗದ್ವಿಖ್ಯಾತವಾಯಿತು, ಗುರುವಿನದು ನೀರಿನಲ್ಲಿ ಹೋಯಿತು. ಪ್ರಕೃತಿಯನ್ನು ಕುರಿತು ಬರೆಯಬೇಕೆಂಬ ಹಂಬಲವುಳ್ಳ ನಮ್ಮ ತರುಣ ತರುಣಿಯರನ್ನು ನಾಲ್ಕು ಗೋಡೆಗಳ ನಡುವಣ ಕಮ್ಮಟಗಳಿಂದ ಎಬ್ಬಿಸಿ, ನೀರನ್ನು ಬಲ್ಲವನೊಬ್ಬನ ದೋಣಿಯಲ್ಲಿ ಕೂರಿಸಬೇಕು. ಅವನನ್ನು ಚಾಲಕನೆಂದು ಎಣಿಸದೆ ಅಧ್ಯಾಪಕನೆಂದು ಎಣಿಸಿ ಅದಕ್ಕೆ ತಕ್ಕ ಗೌರವಧನವನ್ನು ಸಲ್ಲಿಸಬೇಕು. ಈ ಕಾರ್ಯವನ್ನು ಕಾರವಾರ, ಅಂಕೋಲೆಗಳ ಕಾಲೇಜುಗಳು ಮೊದಲಾಗಿ ಕೈಗೊಳ್ಳಬೇಕು. ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಇಷ್ಟೇ.

ಹೀಗೆ ಹೇಳಲು ಕಾರಣ, ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನ್ನ ಅನುಭವ. ‘ನಮ್ಮೂರಿನ ನದಿ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಹೇಳಿದಾಗ, ಗಂಗಾವಳಿಯ ದಡದಲ್ಲಿಯೇ ಹುಟ್ಟಿ ಬೆಳೆದ ಹುಡುಗರು ಸಹ ಜುಳುಜುಳು ನಿನಾದ, ಹಚ್ಚಹಸಿರಿನ ಸೀರೆ, ಹಾಲಿನಂಥ ನೊರೆ ಎಂಬ ಮಾತುಗಳನ್ನೇ ಬರೆದು ತರುತ್ತಿದ್ದರು. ಅಂಕೋಲೆಯ ಬಳಿ ಗಂಗಾವಳಿ ಜುಳುಜುಳು ಎನ್ನುವುದಿಲ್ಲ. ಘಟ್ಟದ ಮೇಲೆ ಬೇಡ್ತಿಯೆಂಬ ಹೆಸರಿನಿಂದ ಹರಿದು, ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಕ್ಕೆ ಧುಮುಕಿ ಬಂದ ಆ ನದಿ, ಕಡಲು ಹತ್ತಿರವಾದಂತೆ ಸದ್ದನ್ನೆಲ್ಲ ಕಳೆದುಕೊಂಡು, ದಿನಕ್ಕೆ ಎರಡು ಬಾರಿ ಹಿಂದುಮುಂದಾಗಿ ಚಲಿಸುವ ಅಗಲವಾದ ಮೌನವಾಗಿರುತ್ತದೆ. ಮನೆಯ ಹಿಂದಿನ ಆ ಮೌನವನ್ನು ಅವರು ದಿನವೂ ಕಂಡಿದ್ದರು. ಬರೆಯಲು ಕುಳಿತಾಗ ಮಾತ್ರ ಪಠ್ಯಪುಸ್ತಕದ ನದಿಯೇ ಅವರ ಲೇಖನಿಗೆ ಬರುತ್ತಿತ್ತು. ತಪ್ಪು ಅವರದಲ್ಲ. ಕಂಡುದನ್ನು ಕಂಡಂತೆ ಹೇಳುವ ಮಾತುಗಳು ದಡದ ಮೇಲಿನ ಜನರ ಬಾಯಲ್ಲಿದ್ದುವು, ಆ ಮಾತುಗಳಿಗೆ ಶಾಲೆಯಲ್ಲಿ ಪ್ರವೇಶವಿರಲಿಲ್ಲ. ಪ್ರವೇಶ ಕೊಡದವರಲ್ಲಿ ನಾನೂ ಒಬ್ಬನಾಗಿದ್ದೆ.

ನಿವೃತ್ತನಾದ ಮೇಲೆ ಈ ಋಣವನ್ನು ಸ್ವಲ್ಪಮಟ್ಟಿಗಾದರೂ ತೀರಿಸಬೇಕೆನ್ನಿಸಿ, ಹನ್ನೊಂದು ಮಂದಿ ವಿದ್ಯಾರ್ಥಿಗಳೊಡನೆ ಕಾಳೀನದಿಯನ್ನು ಎರಡು ಕಡೆ ನೋಡಿಬಂದೆ. ಮೊದಲನೆಯದು ಘಟ್ಟದ ಮೇಲೆ, ದಾಂಡೇಲಿಯಿಂದ ಹೆಚ್ಚು ದೂರವಿಲ್ಲದ ಗಣೇಶಗುಡಿಯಲ್ಲಿ. ರಬ್ಬರಿನ ರಾಫ್ಟುಗಳಲ್ಲಿ ಕುಳಿತು ನದಿಯ ರಭಸದಲ್ಲಿ ಇಳಿದುಹೋಗುವ ಕ್ರೀಡೆಗಾಗಿ ನಾಡಿನ ಮೂಲೆಮೂಲೆಗಳಿಂದ ಜನ ಅಲ್ಲಿಗೆ ಬರುತ್ತಾರೆ. ನಮ್ಮ ಗೈಡ್ ಇಪ್ಪತ್ತೈದು ದಾಟದ ತರುಣ. ಲೈಫ್ ಜಾಕೆಟಿನ ಪಟ್ಟಿಗಳನ್ನು ಒಬ್ಬೊಬ್ಬರದಾಗಿ ಎಳೆದು ನೋಡಿ, ಹುಟ್ಟು ಹಿಡಿಯುವ ಬಗೆಯನ್ನು ತೋರಿಸಿ, ನೀರಿಗೆ ಇಳಿಯುವ ಮುನ್ನ ದಡದ ಬಂಡೆಯ ಮೇಲೆ ನಮ್ಮನ್ನೆಲ್ಲ ನಿಲ್ಲಿಸಿ, ಕೆಳಗೆ ಕಾಣುತ್ತಿದ್ದ ಮೊದಲ ಇಳಿಜಾರನ್ನು ಓದಿ ಹೇಳಿದ. ಓದುವುದೆಂಬ ಮಾತು ಅವನದೇ. ನೀರು ನಾಲಿಗೆಯಂತೆ ಚೂಪಾಗಿ ಕೆಳದಿಕ್ಕಿಗೆ ಚಾಚಿಕೊಂಡಿದ್ದರೆ ಅಲ್ಲಿ ದಾರಿಯುಂಟು. ಚೂಪು ಮೇಲ್ದಿಕ್ಕಿಗೆ ತಿರುಗಿ ನೀರು ಎರಡು ಪಕ್ಕಕ್ಕೆ ಸೀಳಿಹೋಗಿದ್ದರೆ ಅಲ್ಲಿ ಬಂಡೆಯುಂಟು. ನೊರೆಯಿಲ್ಲದೆ ನಯವಾಗಿ ಉಬ್ಬಿ ಹರಿಯುವ ಕಡೆಯನ್ನು ನಂಬಬಾರದು, ಮುಳುಗಿದ ಕಲ್ಲು ಅದರ ಕೆಳಗೇ ಇರುತ್ತದೆ. ದೊಡ್ಡ ಬಂಡೆಯ ಬೆನ್ನಿಗೆ ಮಾತ್ರ ನೀರು ಹಿಮ್ಮುಖವಾಗಿ ಸುತ್ತಿ ಶಾಂತವಾಗಿರುತ್ತದೆ, ದಣಿದ ರಾಫ್ಟು ಅಲ್ಲಿ ನಿಂತು ಉಸಿರು ತೆಗೆದುಕೊಳ್ಳಬಹುದು. ಇಷ್ಟನ್ನು ಅವನು ಐದು ನಿಮಿಷಗಳಲ್ಲಿ ಹೇಳಿ ಮುಗಿಸಿದ. ಆ ಐದು ನಿಮಿಷಗಳ ಹಿಂದೆ ನಮ್ಮ ಕಣ್ಣಿಗೆ ಬರಿಯ ಬಿಳಿಯ ಗದ್ದಲವಾಗಿದ್ದ ನೀರಿನೊಳಗೆ ಈಗ ಒಂದು ಕ್ರಮ ಕಾಣಿಸತೊಡಗಿತು; ವಿದ್ಯಾರ್ಥಿಗಳು ಬೆರಳು ತೋರಿಸಿ, ಅದೋ ದಾರಿ, ಅದೋ ಕಲ್ಲು ಎಂದು ತಮ್ಮೊಳಗೆ ವಾದಿಸತೊಡಗಿದರು. ವರ್ಣಿಸುವುದಕ್ಕೆ ಮೊದಲು ಬಿಡಿಸಿ ನೋಡಬೇಕೆಂಬುದನ್ನು ನಾನು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ್ದರೂ ಅವರ ಮನಸ್ಸಿಗೆ ಇಳಿಸಲಾರದೆ ಹೋಗಿದ್ದೆ.

ಅವನಿಂದ ಕಲಿತ ಇನ್ನೊಂದು ಸಂಗತಿ ಇದಕ್ಕಿಂತ ಗಹನವಾದುದು. ಆ ದಿನ ನಾವು ಬೇಗನೆ ಬಂದುದರಿಂದ ನದಿಯಲ್ಲಿ ನೀರು ಸಣ್ಣದಾಗಿತ್ತು. ಬಂಡೆಗಳ ಬೆನ್ನು ಬಿಸಿಲಿಗೆ ಒಣಗಿತ್ತು. ನೀರು ಬರಲಿ, ಕಾಯೋಣ ಎಂದ ಗೈಡ್. ಎಲ್ಲಿಂದ ಬರಬೇಕೆಂದು ಹುಡುಗಿಯೊಬ್ಬಳು ಕೇಳಿದಳು. ಮೇಲೆ ಸೂಪಾ ಅಣೆಕಟ್ಟಿನ ಬುಡದಲ್ಲಿ ವಿದ್ಯುತ್ ಯಂತ್ರಗಳು ತಿರುಗತೊಡಗಿದಾಗ ಬಿಡುಗಡೆಯಾಗುವ ನೀರೇ ಇಲ್ಲಿಯ ರಭಸವೆಂದು ಅವನು ತಿಳಿಸಿದ. ಜೋಯ್ಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ ಸುಮಾರು 184 ಕಿಲೋಮೀಟರ್ ಹರಿಯುವ ಈ ನದಿಯ ಮೇಲೆ, 101 ಮೀಟರ್ ಎತ್ತರದ ಸೂಪಾ ಮೊದಲ್ಗೊಂಡು ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಒಂದರ ಕೆಳಗೊಂದು ಕಟ್ಟೆಗಳಿವೆ. ಕದ್ರಾದ ಹಿನ್ನೀರಿನ ದಡದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರವಿದೆ. ತಾಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಪೇಟೆ ತನ್ನ ಹೆಸರಿನ ಜಲಾಶಯದೊಳಗೇ ಮುಳುಗಿದೆ. ಗಣೇಶಗುಡಿಯ ರಭಸವನ್ನು ಕಂಡು, ಇದು ಮನುಷ್ಯನ ಕೈಗೆ ಸಿಕ್ಕದ ಕಾಡುನದಿಯೆಂದು ಬರೆದವನು ಸತ್ಯವನ್ನು ಬರೆದಂತಾಗಲಿಲ್ಲ. ಕಾಡು ನಿಜ, ತಲೆಯ ಮೇಲೆ ಹಾರಿಹೋದ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ನಿಜ, ನೀರಿನ ಬಲವೂ ನಿಜ. ಆ ಬಲಕ್ಕೊಂದು ವೇಳಾಪಟ್ಟಿಯುಂಟೆಂಬುದೂ ಅಷ್ಟೇ ನಿಜ. ಇವೆಲ್ಲವನ್ನೂ ಒಂದೇ ವಾಕ್ಯದೊಳಗೆ ಹಿಡಿಯಬಲ್ಲವನ ಕೈಯಲ್ಲಿ ಮಾತ್ರ ಇಂದಿನ ಕಾಳಿ ಬರೆಹಕ್ಕೆ ದಕ್ಕೀತು. ನೀರು ಬಂದಿತು. ದೂರದ ಗಾಳಿಯ ಸದ್ದಿನಂತೆ ಮೊದಲು ಕೇಳಿಸಿ, ಒಣಗಿದ್ದ ಬಂಡೆಗಳ ಬೆನ್ನನ್ನು ಒಂದೊಂದಾಗಿ ಮುಚ್ಚುತ್ತ ಬಂದಿತು. ನಾವು ಹತ್ತಿ ಕುಳಿತೆವು.

ರಾಫ್ಟಿನ ಮೇಲಿನ ಹೊತ್ತಿನ ಬಗೆಗೆ ನಾನು ಹೆಚ್ಚು ಹೇಳಲಾರೆ. ಅದರಲ್ಲಿ ಸಂತೋಷವಿದೆ, ಭಯವೂ ಇದೆ, ನೋಡುವುದಕ್ಕೆ ಬಿಡುವಿಲ್ಲ. ಬರೆಹಕ್ಕೆ ಬೇಕಾದುದು ಮಂದಗತಿ.

ಮಂದಗತಿಯನ್ನು ನಾವು ಕಂಡದ್ದು ಎರಡನೆಯ ಪಯಣದಲ್ಲಿ, ಅದೇ ನದಿ ಕಡಲನ್ನು ಸೇರುವ ಕಾರವಾರದಲ್ಲಿ. ಕೋಡಿಬಾಗದ ದಡದಿಂದ ಹೊರಟ ದೋಣಿಯಲ್ಲಿ ನಮಗೆ ಗುರುವಾಗಿ ಒದಗಿದವನು ಎಪ್ಪತ್ತು ದಾಟಿದ ಒಬ್ಬ ಮೀನುಗಾರ; ವಿದ್ಯಾರ್ಥಿಗಳು ಅವನನ್ನು ಅಜ್ಜಾ ಎಂದರು, ಅವನು ನನ್ನನ್ನು ಮಾಸ್ತರ್ರೇ ಎಂದ. ಮನೆಮಾತು ಕೊಂಕಣಿ, ನಮ್ಮೊಡನೆ ಕನ್ನಡ. ಸುಂಕೇರಿಯತ್ತ ಹೋಗುವ ದಾರಿಯಲ್ಲಿ, ಕಾಂಡ್ಲಾ ಗಿಡಗಳ ನಡುವಣ ಕಿರಿದಾದ ಕಾಲುವೆಯೊಂದರಲ್ಲಿ ದೋಣಿಯನ್ನು ನಿಲ್ಲಿಸಿ, ನೀರಿನೊಳಗೆ ಕಾಲೂರಿ ನಿಂತಂತಿದ್ದ ಒಂದು ಬೇರನ್ನು ಹಿಡಿದು ತೋರಿಸಿದ. ಬೇರಿನ ಕೆಳಭಾಗದಲ್ಲಿ ಕಲ್ಲಿನ ಚೂರುಗಳಂತೆ ಅಂಟಿಕೊಂಡಿದ್ದ ಚಿಪ್ಪುಗಳು ಕಲ್ವಾ. ಅವುಗಳ ಮೇಲೆ ಒಂದು ಗೇಣಿನಷ್ಟು ಬೇರು ಕಪ್ಪಾಗಿ ತೊಯ್ದು ಹೊಳೆಯುತ್ತಿತ್ತು. ಅದಕ್ಕೂ ಮೇಲೆ ಬೂದುಬಣ್ಣದ ಒಣತೊಗಟೆ. ತೊಯ್ದ ಗೇಣನ್ನು ಬೆರಳಿನಿಂದ ಅಳೆದು, ನೀರು ಇಳಿಯತೊಡಗಿ ಒಂದು ಗಂಟೆಯ ಮೇಲಾಯಿತೆಂದ. ಹುಡುಗನೊಬ್ಬ ಮೊಬೈಲಿನಲ್ಲಿ ಉಬ್ಬರವಿಳಿತದ ಪಟ್ಟಿಯನ್ನು ತೆರೆದು ನೋಡಿ, ಸರಿಯೆಂದು ತಲೆಯಾಡಿಸಿದ. ಅಂದಿನಿಂದ ಆ ಹುಡುಗನ ಬರೆಹದಲ್ಲಿ ಮರಗಳೆಲ್ಲ ಎಷ್ಟೆತ್ತರಕ್ಕೆ ತೊಯ್ದಿವೆಯೆಂಬುದು ತಪ್ಪದೆ ಇರುತ್ತದೆ.

ಅಜ್ಜನ ಬಾಯಿಂದ ಬಂದ ಶಬ್ದಗಳನ್ನು ವಿದ್ಯಾರ್ಥಿಗಳು ಬರೆದುಕೊಂಡರು. ಉಬ್ಬರಕ್ಕೆ ಭರ್ತಿ, ಇಳಿತಕ್ಕೆ ಸುಕ್ತಿ. ಇವು ಕೊಂಕಣಿಯವು. ನಮ್ಮ ಕನ್ನಡದವರಲ್ಲಿ ಅಳಿವೆ, ಕುರ್ವೆ, ಗಜನಿ, ತಾರಿ, ಮಡು, ಸೆಳವು ಎಂಬ ಮಾತುಗಳಿವೆ. ನದಿಯ ನಡುವಣ ನಡುಗಡ್ಡೆಗೆ ಕುರ್ವೆಯೆಂದೂ, ಉಪ್ಪುನೀರು ಏರುವ ತಗ್ಗುಗದ್ದೆಗೆ ಗಜನಿಯೆಂದೂ, ದಡದಿಂದ ದಡಕ್ಕೆ ಜನರನ್ನು ದಾಟಿಸುವ ದೋಣಿಗೆ ತಾರಿಯೆಂದೂ ಹೇಳುವವನು ಆ ಸ್ಥಳಗಳ ಸ್ವಭಾವವನ್ನೂ ಅವುಗಳಲ್ಲಿ ದುಡಿದವರ ಬಾಳನ್ನೂ ಜತೆಯಲ್ಲಿಯೇ ಹೇಳುತ್ತಾನೆ. ಸೇತುವೆಗಳು ಬಂದಂತೆ ತಾರಿಗಳು ಹೋದುವು. ಕಾಲ ಸಲ್ಲಿಸಬೇಕಾದ ಸೌಕರ್ಯವನ್ನು ಸಲ್ಲಿಸಿತು. ಆದರೆ ಶಬ್ದವನ್ನಾದರೂ ಉಳಿಸಿಕೊಳ್ಳುವುದು ಬರೆಯುವವರ ಕರ್ತವ್ಯವಲ್ಲವೆ?

ಮರಳುವ ಮುನ್ನ ಠಾಕೂರರ ಪಯಣದ ಕಥೆಯನ್ನು ನಾನು ಅಜ್ಜನಿಗೆ ಹೇಳಿದೆ. ಕವಿಯ ಹೆಸರಿಗಿಂತ ಹೊತ್ತಿನ ವಿವರಗಳನ್ನು ಅವನು ಹೆಚ್ಚು ಮನಸ್ಸಿಟ್ಟು ಕೇಳಿದ: ಹೊರಟದ್ದು ಮುಚ್ಚಂಜೆಯಲ್ಲಿ, ಹೋದದ್ದು ಮೇಲಕ್ಕೆ, ಮರಳಿದ್ದು ಇಳಿತದ ಜತೆಗೆ, ಅಳಿವೆ ಮುಟ್ಟಿದಾಗ ನಡುರಾತ್ರಿ. ಹುಣ್ಣಿಮೆಯಂದು ಇಲ್ಲಿ ನೀರು ತುಂಬುವುದು ರಾತ್ರಿ ಹತ್ತೂವರೆ, ಹನ್ನೊಂದರ ಸುಮಾರಿಗೆ. ಒಂದೊಂದು ದಿನ ಹಿಂದಕ್ಕೆ ಹೋದಂತೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂಚಿತವಾಗಿ ತುಂಬುತ್ತದೆ. ಅವನು ಬೆರಳು ಮಡಚಿ ಎಣಿಸಿದ.

“ಆವತ್ತು ದ್ವಾದಶಿ, ಇಲ್ಲಾ ತ್ರಯೋದಶಿ ಇರಬೇಕು, ಮಾಸ್ತರ್ರೇ. ಸಂಜೆ ಭರ್ತಿ ಅವರನ್ನ ಮೇಲಕ್ಕೆ ತಳ್ಕೊಂಡು ಹೋಗಿದೆ, ಊಟ ಆದ ಮೇಲೆ ಸುಕ್ತಿ ಮನೆಗೆ ಕರ್ಕೊಂಡು ಬಂದಿದೆ. ಅಂಬಿಗ ಲೆಕ್ಕ ಬಲ್ಲವ.”

ಆ ಪುಟಗಳನ್ನು ನಾನು ಎಷ್ಟೋ ಸಲ ಓದಿದ್ದೆ. ಅವುಗಳಲ್ಲಿ ಚಂದ್ರಿಕೆಯನ್ನೂ ನಿಶ್ಶಬ್ದವನ್ನೂ ಗಾಳಿಮರಗಳ ನಿಶ್ಚಲವಾದ ನೆರಳನ್ನೂ ಕಂಡಿದ್ದೆ. ಅವೆಲ್ಲಕ್ಕೂ ಅಡಿಯಲ್ಲಿ, ಇಡೀ ಸಂಜೆಯನ್ನು ಏರುನೀರಿಗೂ ಇಳಿನೀರಿಗೂ ಹೊಂದಿಸಿ ಹೆಣೆದ ಒಬ್ಬ ಮನುಷ್ಯನ ಜ್ಞಾನವಿತ್ತೆಂಬುದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ. ಹೆಸರು ಸಿಕ್ಕಲಿಲ್ಲ; ಅವನ ಕೆಲಸ ಸಿಕ್ಕಿತು.

‘ಜೀವನಸ್ಮೃತಿ’ಯ ಅದೇ ಪ್ರಸಂಗದಲ್ಲಿ ಕವಿ ಬರೆಹಗಾರರಿಗೆ ಕೊಡುವ ಒಂದು ಎಚ್ಚರಿಕೆಯೂ ಇದೆ. ಭಾವ ತುಂಬಿ ತುಳುಕುತ್ತಿರುವಾಗಲೇ ಬರೆದುದು ಉತ್ತಮವಾಗಿರಬೇಕೆಂದಿಲ್ಲ, ಹೇಳಬೇಕಾದ ಭಾವದಿಂದ ತೀರ ದೂರವಿರುವುದು ಹೇಗೆ ಸಲ್ಲದೋ ಅದಕ್ಕೆ ತೀರ ಅಂಟಿಕೊಂಡಿರುವುದೂ ಹಾಗೆಯೇ ಸಲ್ಲದು, ಸ್ಮರಣೆಯ ಕುಂಚವೇ ಕಾವ್ಯದ ಬಣ್ಣಕ್ಕೆ ಹೆಚ್ಚು ಹೊಂದುವುದು ಎಂಬರ್ಥದ ಮಾತನ್ನು ಅವರು ಅಲ್ಲಿ ಹೇಳಿದ್ದಾರೆ. ಅಂದೇ ಬರೆದ ಕವಿತೆಗಿಂತ, ಮೂರು ದಶಕಗಳಷ್ಟು ಕಾಲ ಮನಸ್ಸಿನಲ್ಲಿ ನಿಂತು ತಿಳಿಯಾದ ಗದ್ಯದಲ್ಲಿ ನಮ್ಮ ಕಾಳಿ ಹೆಚ್ಚು ಜೀವಂತವಾಗಿದ್ದಾಳೆಂದು ನನಗೂ ಅನ್ನಿಸುತ್ತದೆ. ನೀರಿನ ಮೇಲಿರುವಾಗಲೇ ಚಿತ್ರ ತೆಗೆದು, ಎರಡು ಸಾಲು ಗೀಚಿ, ದಡ ಸೇರುವ ಮುನ್ನವೇ ಲೋಕಕ್ಕೆಲ್ಲ ಹಂಚಿಬಿಡುವ ಈ ಕಾಲದಲ್ಲಿ, ಈ ಮಾತನ್ನು ಪ್ರತಿಯೊಂದು ದೋಣಿಯಲ್ಲಿಯೂ ಓದಿ ಹೇಳಬೇಕು. ನನ್ನ ವಿದ್ಯಾರ್ಥಿಗಳಿಗೆ ನಾನು ಹಾಕಿದ ನಿಯಮ ಒಂದೇ: ದೋಣಿಯಲ್ಲಿ ಶಬ್ದ, ಸಂಖ್ಯೆ, ಹೊತ್ತು ಇವನ್ನು ಮಾತ್ರ ಬರೆದುಕೊಳ್ಳಬೇಕು, ವಾಕ್ಯಗಳಿಗೆ ಒಂದು ತಿಂಗಳು ಕಾಯಬೇಕು.

ಅಕ್ಷರ ಬಲ್ಲವರಿಗೆ ಅಕ್ಷರ ಬಾರದವರು ಕಲಿಸಬಲ್ಲರೆಂಬುದಕ್ಕೆ ಅಂಕೋಲೆಯಲ್ಲಿ ಬೇರೆ ಸಾಕ್ಷಿ ಬೇಕಿಲ್ಲ. ಹೊನ್ನಳ್ಳಿಯ ತುಳಸಿ ಗೌಡರು ಯಾವ ಮರದ ಬೀಜವನ್ನು ಯಾವ ಕಾಲದಲ್ಲಿ ಆಯ್ದರೆ ಸಸಿ ಬಲವಾಗುವುದೆಂಬುದನ್ನು, ಕಾಡಿನಲ್ಲಿ ಒಂದು ಜಾತಿಗೆ ತಾಯಿಮರ ಯಾವುದೆಂಬುದನ್ನು, ನರ್ಸರಿಯ ದುಡಿಮೆಯಲ್ಲಿ ಕೈಯಿಂದ ಕಲಿತವರು. ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ತಮ್ಮ ಕಂಠದಲ್ಲಿ ಕಾಪಾಡಿದವರು. ಇಬ್ಬರಿಗೂ ಪದ್ಮಶ್ರೀ ಬಂದಿತು. 2024ರ ಡಿಸೆಂಬರಿನಲ್ಲಿ ಒಬ್ಬರು, 2025ರ ಫೆಬ್ರವರಿಯಲ್ಲಿ ಮತ್ತೊಬ್ಬರು, ಎರಡು ತಿಂಗಳ ಅಂತರದಲ್ಲಿ ನಮ್ಮನ್ನು ಅಗಲಿದರು. ಅವರೊಡನೆ ಕಾಡಿನಲ್ಲಿ, ಅಂಗಳದಲ್ಲಿ ವರ್ಷಗಟ್ಟಲೆ ಕುಳಿತು ಕೇಳಿಕೊಳ್ಳಬೇಕಾಗಿದ್ದವರು ನಾವು, ಸನ್ಮಾನದ ಶಾಲು ಹೊದಿಸಿ ಬೀಳ್ಕೊಂಡೆವು. ಇನ್ನುಳಿದ ಹಿರಿಯರ ವಿಷಯದಲ್ಲಿ ಹೀಗಾಗಬಾರದು.

ಇದು ಕೇವಲ ಸಾಹಿತ್ಯದ ಮಾತೆಂದು ಯಾರಾದರೂ ಎಂದುಕೊಂಡರೆ, ಅವರು 2024ರ ಜುಲೈ 16ರ ಬೆಳಗನ್ನು ನೆನೆಯಬೇಕು. ಅಂಕೋಲೆ ತಾಲೂಕಿನ ಶಿರೂರಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು, ರಸ್ತೆಯನ್ನೂ ಅಂಗಡಿಯನ್ನೂ ವಾಹನಗಳನ್ನೂ ಜನರನ್ನೂ ಕೊಂಡು ಗಂಗಾವಳಿಗೆ ಬಿದ್ದಿತು. ಸ್ಥಾನಪಲ್ಲಟಗೊಂಡ ನೀರು ಎದುರು ದಡದ ಉಳುವರೆಯ ಮನೆಗಳ ಮೇಲೆ ಎರಗಿತು. ತಿಂಗಳುಗಟ್ಟಲೆ ನದಿಯೊಳಗೆ ಹುಡುಕಾಟ ನಡೆಯಿತು. ಗುಡ್ಡ ಕುಸಿದ ಮೂರು ವಾರಗಳ ಬಳಿಕ, ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಕಾರವಾರದಲ್ಲಿ ಕಾಳೀನದಿಯ ಹಳೆಯ ಸೇತುವೆ ಕುಸಿಯಿತು. ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿ ತಂದವರಲ್ಲಿ ಮೀನುಗಾರರೂ ಇದ್ದರು. ಆ ದಿನಗಳಲ್ಲಿ ಹೊರಗಿನಿಂದ ಬಂದ ವರದಿಗಾರರು ಬಹಳ ಬರೆದರು. ನಮ್ಮವರು, ಆ ಗುಡ್ಡದ ಮಣ್ಣಿನ ಬಣ್ಣ, ಅದರ ಬುಡವನ್ನು ರಸ್ತೆಗಾಗಿ ಕಡಿದ ಬಗೆ, ಮಳೆಗಾಲದಲ್ಲಿ ಅದರಿಂದ ಒಸರುವ ನೀರು, ಅಲ್ಲಿ ನದಿಯ ಅಗಲ ಇವುಗಳನ್ನು ಮೊದಲೇ ಬರೆದಿಟ್ಟಿದ್ದರೆ? ಗುಡ್ಡವನ್ನು ಬರೆಹ ತಡೆಯುತ್ತಿರಲಿಲ್ಲ. ಆದರೆ ದಿನದಿನವೂ ನೋಡಿ ಬರೆಯುವ ಹತ್ತು ಮಂದಿಯಿರುವ ಊರಿನಲ್ಲಿ, ಗುಡ್ಡದ ಮೈಯಲ್ಲಿ ಮೂಡಿದ ಹೊಸ ಬಿರುಕು ಯಾರ ಕಣ್ಣಿಗೂ ಬೀಳದೆ ಇರುವುದು ಕಷ್ಟ.

ಬೇಕಾದ ಸಾಧನಗಳೆಲ್ಲ ನಮ್ಮಲ್ಲಿವೆ. ಕಾಳಿಯ ಅಳಿವೆಯ ದಡದಲ್ಲಿಯೇ, ಕೋಡಿಬಾಗದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಅಂಕೋಲೆಯಲ್ಲಿ ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟು 1966ರಲ್ಲಿ ಆರಂಭಿಸಿದ ಗೋಖಲೆ ಶತಾಬ್ದಿ ಕಾಲೇಜಿದೆ. ಎರಡೂ ಊರುಗಳಲ್ಲಿ ಕನ್ನಡ ವಿಭಾಗಗಳಿವೆ. ಒಂದೇ ದೋಣಿಯಲ್ಲಿ ಜೀವಶಾಸ್ತ್ರದ ವಿದ್ಯಾರ್ಥಿಯೊಬ್ಬ, ಕನ್ನಡದ ವಿದ್ಯಾರ್ಥಿಯೊಬ್ಬಳು, ಹುಟ್ಟಿನ ಹತ್ತಿರ ನದಿಯ ಮಗನೊಬ್ಬ ಕುಳಿತರೆ ಸಾಕು, ಪಠ್ಯಕ್ರಮ ತಾನಾಗಿ ರೂಪುಗೊಳ್ಳುತ್ತದೆ. ಅಪಾಯದ ಮಾತನ್ನು ಎತ್ತುವವರ ಆತಂಕ ಸಹಜವಾದುದೇ. ಮಳೆಗಾಲದಲ್ಲಿ ನೀರಿಗಿಳಿಯಬಾರದು, ದೋಣಿಯಲ್ಲಿ ಅಳತೆಮೀರಿ ಕೂರಿಸಬಾರದು, ಲೈಫ್ ಜಾಕೆಟ್ ಇಲ್ಲದೆ ಯಾರೂ ಹತ್ತಬಾರದು. ಮೀನುಗಾರನ ಅರ್ಧದಿನದ ಸಂಪಾದನೆಯನ್ನು ತುಂಬಿಕೊಡುವಷ್ಟು ಹಣ ಯಾವ ಕಾಲೇಜಿನ ವಾರ್ಷಿಕೋತ್ಸವದ ಖರ್ಚಿನಲ್ಲಿಯೂ ಉಳಿದೀತು. ಅಂಕಗಳ ಪ್ರಶ್ನೆ ಬಂದರೆ, ಅಂಕ ಕೊಡಿ ಎನ್ನುತ್ತೇನೆ. ಪರೀಕ್ಷಕರ ಪೈಕಿ ಒಬ್ಬನು ದೋಣಿಯವನಾಗಿರಲಿ ಎಂದೂ ಎನ್ನುತ್ತೇನೆ.

ಹನ್ನೊಂದು ಮಂದಿಯಲ್ಲಿ, ಗಂಗಾವಳಿಯ ದಡದ ಹಳ್ಳಿಯಿಂದ ಬರುವ ಒಬ್ಬ ಹುಡುಗಿ, ಒಂದು ತಿಂಗಳಾದರೂ ಏನನ್ನೂ ತೋರಿಸಲಿಲ್ಲ. ಮೊನ್ನೆ ನಾಲ್ಕು ಪುಟ ತಂದಳು. ತನ್ನ ಅಜ್ಜ ತಾರಿ ನಡೆಸುತ್ತಿದ್ದ ಕಾಲದ, ಈಗ ಯಾರೂ ಇಳಿಯದ ಕಲ್ಲಿನ ಮೆಟ್ಟಿಲುಗಳಿಗೆ ದಿನವೂ ಹೋಗಿ, ಯಾವ ತಿಥಿಗೆ ನೀರು ಎಷ್ಟು ಮೆಟ್ಟಿಲು ಮುಚ್ಚುತ್ತದೆ, ಯಾವ ಮೆಟ್ಟಿಲಿನವರೆಗೆ ಕಲ್ವಾ ಹತ್ತಿದೆ, ಯಾವುದರ ಮೇಲೆ ಪಾಚಿ ಮಾತ್ರ ಇದೆ ಎಂಬುದನ್ನು ಬರೆದಿದ್ದಾಳೆ. ಕೊನೆಯ ಪುಟದಲ್ಲಿ, ಕೆಳಗಿನ ಮೆಟ್ಟಿಲಿನ ಸಂದಿಯಲ್ಲಿ ವಾಸವಾಗಿರುವ, ಬೆರಳುದ್ದದ, ಕಂದುಪಟ್ಟೆಯ ಮೀನೊಂದರ ವಿಷಯ ಬರೆದು, ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದಾಳೆ. ಮನೆಯವರಿಗೂ ಅದರ ಹೆಸರು ಗೊತ್ತಿಲ್ಲವಂತೆ. ನಾನು ಕಾರವಾರದ ಅಜ್ಜನಿಗೆ ಫೋನ್ ಮಾಡಿ ಕೇಳಿದೆ. ಕಾಣದೆ ಹೇಳಲಾರೆನೆಂದ. ಬರುವ ಅಮಾವಾಸ್ಯೆಯ ಮುಂಜಾನೆ ಐದರ ಸುಮಾರಿಗೆ ನೀರು ತೀರ ಇಳಿದಿರುತ್ತದೆ, ಕೆಳಗಿನ ಮೆಟ್ಟಿಲು ಪೂರ್ತಿ ತೆರೆದಿರುತ್ತದೆ. ರಾತ್ರಿಯ ಬಸ್ಸಿಗೆ ಬಂದು ಅವಳ ಮನೆಯ ಜಗುಲಿಯಲ್ಲಿ ಮಲಗುತ್ತೇನೆ, ಬ್ಯಾಟರಿ ತನ್ನಿರಿ ಎಂದಿದ್ದಾನೆ.